ಫುಲ್ ಆಪ್ಷನ್ ಪಿಸ್ತೂಲು

ಹೋದ ತಿಂಗಳು ನಾನೊಂದು ಪಿಸ್ತೂಲು ಕೊಂಡೆ.

ಗಾಬರಿಯಾಗಬೇಡಿ. ಕತಾರಿನಲ್ಲಿ ನನ್ನಂಥವನು ಅಡುಗೆಮನೆಯ ಚೂರಿಗಿಂತ ದೊಡ್ಡ ಆಯುಧ ಇಟ್ಟುಕೊಳ್ಳುವ ಹಾಗಿಲ್ಲ. ಇದು ಆಟಿಕೆಯದ್ದು. ಆದರೆ ಎಂಥ ಆಟಿಕೆ! ಹಿಡಿದರೆ ಕೈಗೆ ಭಾರ. ಎಳೆದರೆ ಹಿಂದೆ ಸರಿಯುವ ಸ್ಲೈಡ್. ಕಳಚಿ ಹಾಕುವ ಮ್ಯಾಗಜಿನ್. ಗುರಿಗೆ ಕೆಂಪು ಲೈಟ್. ಟ್ರಿಗರ್ ಒತ್ತಿದರೆ ಎದೆ ಧಸಕ್ಕೆನ್ನುವ ಸದ್ದು. ಮಕ್ಕಳು ಸುಮ್ಮಸುಮ್ಮನೆ ಒತ್ತಬಾರದೆಂದು ಪಕ್ಕದಲ್ಲೊಂದು ಪುಟ್ಟ ಲಾಕ್ ಬೇರೆ.

"ಫುಲ್ ಆಪ್ಷನ್, ಚೇಟ್ಟಾ" ಅಂದ ಅಲ್ ಮನ್ಸೂರಾದ ಅಂಗಡಿಯ ಮಲಯಾಳಿ. ಗಲ್ಫಿನಲ್ಲಿ ಇದು ಎಲ್ಲ ಸವಲತ್ತೂ ಇರುವ ಕಾರು ಮಾರುವವರ ಮಾತು. ಅಲ್ಲಿಯವರೆಗೆ ನಮ್ಮ ಮನೆಗೆ ಫುಲ್ ಆಪ್ಷನ್ ಅನ್ನುವಂಥದ್ದು ಏನೂ ಬಂದಿರಲಿಲ್ಲ.

ಚೌಕಾಸಿ ಮಾಡಿ ನೂರು ರಿಯಾಲಿಗೆ ಇಳಿಸಿದೆ. (ಪಕ್ಕದಲ್ಲೇ ಹತ್ತು ರಿಯಾಲಿನ ಪ್ಲಾಸ್ಟಿಕ್ ಪಿಸ್ತೂಲೂ ನೇತಾಡುತ್ತಿತ್ತು. ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.)

ಆ ನೂರು ರಿಯಾಲ್ ನಿಜಕ್ಕೂ ವಾಷಿಂಗ್ ಮೆಷಿನ್ನಿನ ರಿಪೇರಿಗೆ ಇಟ್ಟಿದ್ದು. ಬಿನ್ ಮಹಮೂದಿನ ನಮ್ಮ ಹಳೇ ಫ್ಲ್ಯಾಟಿನ ಕಥೆ ಈ ಅಂಕಣದ ಓದುಗರಿಗೆ ಹೊಸದಲ್ಲ. ಇಲ್ಲಿ ಏಷ್ಯನ್ ಗೇಮ್ಸ್ ಮುಗಿದರೆ ಬಾಡಿಗೆ ಇಳಿಯುತ್ತದೆ ಅಂದಿದ್ದರು. ಗೇಮ್ಸ್ ಮುಗಿಯಿತು, ಬಾಡಿಗೆ ಮಾತ್ರ ಇನ್ನೂ ಓಡುತ್ತಿದೆ. ಮಗಳ ಸ್ಕೂಲ್ ಫೀಸು ಅದರ ಹಿಂದೆಯೇ. ಇದರ ನಡುವೆ ಮೆಷಿನ್ನು ಕೆಟ್ಟು ಕೂತಿತ್ತು.

"ಒಂದು ತಿಂಗಳು ಕೈಯಲ್ಲೇ ಒಗೆಯುತ್ತೀಯಾ?" ಎಂದು ಹೆಂಡತಿ ವಾರಿಜಳನ್ನು ಕೇಳಿದೆ.

ಅವಳು ಪಿಸ್ತೂಲು ನೋಡಿದಳು. ನನ್ನನ್ನು ನೋಡಿದಳು. "ಇದು ಎಂತದ್ದು? ನಿಮ್ಗೆ ಮಂಡೆ ಸಮ ಉಂಟಾ?"

ಸಮ ಇರಲಿಲ್ಲ. ಕಾರಣ ಹೇಳುತ್ತೇನೆ.

ಇಲ್ಲಿನ ನಮ್ಮ ಊರಿನವರ ಸಂಘದಲ್ಲಿ ನನಗೆ ಹನ್ನೊಂದು ವರ್ಷ. ಕುರ್ಚಿ ಹಾಕಿದ್ದೇನೆ. ಪಾರ್ಕಿಂಗಿನಲ್ಲಿ ಬೆವರು ಸುರಿಸುತ್ತಾ ಕೈ ಬೀಸಿದ್ದೇನೆ. ಊಟದ ಟೋಕನ್ ಹರಿದು ಕೊಟ್ಟಿದ್ದೇನೆ. ವಾರ್ಷಿಕೋತ್ಸವದ ನಾಟಕ ಬಂದರೆ ಪರದೆಯ ಹಿಂದೆ ಮೈಕ್ ಹಿಡಿದು, ಮಾತು ಮರೆತವರಿಗೆಲ್ಲ ಮಾತು ಎತ್ತಿಕೊಟ್ಟಿದ್ದೇನೆ. ಈ ಸಲ ಇನ್ಸ್‌ಪೆಕ್ಟರ್ ಪಾತ್ರದವನಿಗೆ ಸೌದಿಗೆ ಟ್ರಾನ್ಸ್‌ಫರ್ ಆಯಿತು. ನಿರ್ದೇಶಕ ವಿಠಲಣ್ಣ ನನ್ನ ಕಡೆ ತಿರುಗಿ, "ನೀವೇ ಮಾಡಿ ಮಾರಾಯ್ರೆ" ಅಂದರು. ಕೊನೆಯ ದೃಶ್ಯದಲ್ಲಿ ಬರಬೇಕು, ಒಂದು ಡೈಲಾಗ್ ಹೇಳಬೇಕು, ಸ್ಮಗ್ಲರನನ್ನು ಗುಂಡು ಹೊಡೆದು ಕೆಡವಬೇಕು. ಮೂರೇ ನಿಮಿಷ.

ಮೂರು ನಿಮಿಷವಾದರೇನು? ಹನ್ನೊಂದು ವರ್ಷದಲ್ಲಿ ಮೊದಲ ಸಲ ಬೆಳಕಿನಲ್ಲಿ ನಿಲ್ಲುವವನಿದ್ದೆ. ಹತ್ತು ರಿಯಾಲಿನ ಪಿಸ್ತೂಲು ಹಿಡಿದು ನಿಲ್ಲಲೇ?

ತಿಂಗಳಿಡೀ ಸಂಜೆ ಆಫೀಸಿನಿಂದ ಬಂದವನೇ ಪ್ರಾಕ್ಟೀಸ್. ಎರಡನೇ ಕ್ಲಾಸಿನ ಮಗಳೇ ಸ್ಮಗ್ಲರ್. ನಾನು ಲಾಕ್ ತೆಗೆದು ಟ್ರಿಗರ್ ಒತ್ತಿದರೆ ಅವಳು ಎದೆ ಹಿಡಿದುಕೊಂಡು ಸೋಫಾದ ಮೇಲೆ ಬೀಳುತ್ತಿದ್ದಳು. "ಪಪ್ಪಾ, ಒನ್ಸ್ ಮೋರ್ ಡೈ ಆಗ್ಲಾ?" ಬಾತ್‌ರೂಮಿನಲ್ಲಿ ವಾರಿಜ ಬೆಡ್‌ಶೀಟ್ ಕುಕ್ಕುವ ಸದ್ದು. ಅವಳ ಬೆರಳುಗಳ ಸಂದಿ ಸೋಪಿನ ಪುಡಿಗೆ ಕೆಂಪಾಗಿದ್ದನ್ನು ನೋಡಿಯೂ ನೋಡದವನಂತೆ ಇದ್ದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ನಾಟಕದ ಶುಕ್ರವಾರ ಬಂತು. ಹಾಲ್ ತುಂಬಿತ್ತು. ನಾನು ಯೂನಿಫಾರ್ಮ್ ತೊಟ್ಟು ಟೋಪಿ ಸರಿಮಾಡಿಕೊಳ್ಳುತ್ತಿದ್ದಾಗ ವಿಠಲಣ್ಣ ಗ್ರೀನ್ ರೂಮಿಗೆ ಬಂದರು. ಜೊತೆಗೆ ಕಾರ್ಯಕ್ರಮದ ಪ್ರಾಯೋಜಕ ಸದಾನಂದಣ್ಣ. ಎರಡು ಹೋಟೆಲುಗಳ ಯಜಮಾನ. ಬ್ಯಾನರಿನಲ್ಲಿ ಸಂಘದ ಹೆಸರಿಗಿಂತ ಅವರ ಮುಖವೇ ದೊಡ್ಡದು.

"ಬೇಜಾರು ಮಾಡ್ಬೇಡಿ" ಎಂದು ವಿಠಲಣ್ಣ ನನ್ನ ಹೆಗಲ ಮೇಲೆ ಕೈ ಹಾಕಿದರು. (ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) "ಸದಾನಂದಣ್ಣನಿಗೆ ಲಾಸ್ಟ್ ಸೀನ್ ಒಂದು ಮಾಡ್ಬೇಕಂತೆ. ಹಾಲ್ ಬಾಡಿಗೆ ಪೂರಾ ಅವರದ್ದೇ ಅಲ್ವಾ? ನೀವು ಪ್ರಾಂಪ್ಟಿಂಗಿಗೆ ಇದ್ರೆ ನಂಗೆ ಧೈರ್ಯ."

ನಾನು ಏನು ಹೇಳಿದೆ ಗೊತ್ತೇ? "ಅದಕ್ಕೆಂತ, ಆಗ್ಬಹುದು" ಅಂದೆ. ಯೂನಿಫಾರ್ಮ್ ಬಿಚ್ಚಿ ಕೊಟ್ಟೆ. ಅವರ ಹೊಟ್ಟೆಯ ಹತ್ತಿರ ಗುಂಡಿ ಕೂರಲಿಲ್ಲ. ಓಡಿಹೋಗಿ ಸೇಫ್ಟಿ ಪಿನ್ ತಂದು ಚುಚ್ಚಿದವನೂ ನಾನೇ!

"ಪಿಸ್ತೂಲು ನಿಮ್ಮ ಹತ್ರ ಉಂಟಂತೆ?" ಸದಾನಂದಣ್ಣ ಕೈ ಚಾಚಿದರು.

ಕೊಟ್ಟೆ. ಕೊಡುವ ಮೊದಲು ಹೆಬ್ಬೆರಳಿನಿಂದ ಲಾಕ್ ಹಾಕಿದೆ. ಅಭ್ಯಾಸಬಲದಿಂದ ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ. ಬೇಕೆಂದೇ ಹಾಕಿದೆ. ಅಷ್ಟು ಜನರ ಎದುರು ಈ ಮನುಷ್ಯ ಟ್ರಿಗರ್ ಒತ್ತಿ ಒತ್ತಿ ಬೆವರಬೇಕು, ಇಡೀ ಹಾಲ್ ನಗಬೇಕು. ಅದೊಂದೇ ಆಸೆ ಉಳಿದಿತ್ತು ನನಗೆ.

ಕೊನೆಯ ದೃಶ್ಯ. ಮೈಕ್ ಹಿಡಿದು ಪರದೆಯ ಹಿಂದೆ ನಿಂತೆ. ಸಂದಿಯಿಂದ ನೋಡಿದರೆ ಮೂರನೇ ಸಾಲಿನಲ್ಲಿ ವಾರಿಜ, ಅವಳ ತೊಡೆಯ ಮೇಲೆ ಮಗಳು. ಇಬ್ಬರೂ ನಾನು ಬರುವುದನ್ನೇ ಕಾಯುತ್ತಿದ್ದರು. ಸದಾನಂದಣ್ಣ ಬಂದರು. ಶಿಳ್ಳೆ, ಚಪ್ಪಾಳೆ. ಡೈಲಾಗ್ ಮರೆತರು. ನಾನು ಮೈಕ್ ಬದಿಗೆ ಸರಿಸಿ ಪಿಸುಗುಟ್ಟಿದೆ, ಅವರು ಗುಡುಗಿದರು. ಪಿಸ್ತೂಲು ಎತ್ತಿದರು. ಟ್ರಿಗರ್ ಒತ್ತಿದರು.

ಸದ್ದಿಲ್ಲ.

ಸ್ಮಗ್ಲರ್ ಸಾಯಲು ರೆಡಿಯಾಗಿ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಬೇಡಿಕೊಂಡ ಕ್ಷಣ ಅದೇ ಅಲ್ಲವೇ? ಸುಮ್ಮನಿದ್ದರೆ ಸಾಕಿತ್ತು. ಬದುಕಿನಲ್ಲಿ ಒಮ್ಮೆ, ಬರೀ ಸುಮ್ಮನಿದ್ದರೆ ಸಾಕಿತ್ತು.

"ಢಂ!"

ನನ್ನದೇ ಬಾಯಿ. ನನ್ನದೇ ಮೈಕ್. ಯೋಚಿಸುವ ಮೊದಲೇ ಹೊರಬಿದ್ದಿತ್ತು. ಸ್ಮಗ್ಲರ್ ದೊಪ್ಪನೆ ಬಿದ್ದ. ಹಾಲ್ ಎದ್ದು ನಿಂತಿತು. ಖಲಾಸ್! ಸದಾನಂದಣ್ಣನಿಗೆ ಶಾಲು, ಹಾರ, ಸ್ಮರಣಿಕೆ.

ಆಫೀಸಿನಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೇ? ಮ್ಯಾನೇಜರನ ರಿಪೋರ್ಟು ಬರೆಯುವವರು ನಾವು. ಅವನ ತಪ್ಪನ್ನು ರಾತ್ರೋರಾತ್ರಿ ತಿದ್ದುವವರೂ ನಾವೇ. ಅವನು ಬರೀ ಟ್ರಿಗರ್ ಒತ್ತುತ್ತಾನೆ. ಬೈದುಕೊಳ್ಳುತ್ತಲೇ ಢಂ ಅನ್ನುತ್ತೇವೆ, ಇಷ್ಟೂ ವರ್ಷ ಅಂದದ್ದಕ್ಕೆ ಇನ್ನು ಬೇರೇನೂ ಬಾಯಿಗೆ ಬರುವುದಿಲ್ಲ. ಥೂ, ಎಂಥ ನಿಯತ್ತು ನಮ್ಮದು!

ಕಾರಿನಲ್ಲಿ ಮನೆಗೆ ಬರುವಾಗ ಮಗಳು ಕೇಳಿದಳು, "ಪಪ್ಪಾ, ವೈ ನೀವು ಬರ್ಲಿಲ್ಲ?" ವಾರಿಜ ಕಿಟಕಿಯಾಚೆ ನೋಡುತ್ತಲೇ ಅಂದಳು, "ಆ ಢಂ ನಿಮ್ಮದೇ ಅಲ್ವಾ? ನಂಗೆ ಕೂಡ್ಲೇ ಗೊತ್ತಾಯ್ತು." ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಪಿಸ್ತೂಲು ವಾಪಸ್ ಬಂತು. ಲಾಕ್ ಹಾಕಿದ್ದು ಹಾಕಿದ ಹಾಗೇ ಇತ್ತು. ಹಿಂದೆಯೇ ಸದಾನಂದಣ್ಣನ ಫೋನು.

"ನಿಮ್ಮ ಪಿಸ್ತೂಲಿನ ಸೌಂಡ್ ಉಂಟಲ್ಲ, ಭಾರೀ ನ್ಯಾಚುರಲ್ ಮಾರಾಯ್ರೆ! ನನ್ನ ಮಗನಿಗೂ ಅಂಥದ್ದೇ ಬೇಕಂತೆ. ಯಾವ ಅಂಗಡಿಯಲ್ಲಿ ಸಿಗ್ತದೆ?"

ಹನ್ನೊಂದು ವರ್ಷ ಪರದೆಯ ಹಿಂದೆ ನಿಂತು ಕಲಿತ ಸದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ, ನೀವೇ ಹೇಳಿ?