ಅಪ್ಪನ ಸ್ವರವಿದ್ದ ಹಾಡು

ಅಣ್ಣ ಜಮೈಕಾದ ರೆಗೆ ಶೈಲಿಯ ಹಾಡು ಹಾಡುತ್ತಿದ್ದ. ಬೆನ್ನ ಹಿಂದೆ ಲ್ಯಾಪ್‌ಟಾಪಿನ ಡಾನ್ಸ್ ಬೀಟ್. ಮುಂಬಯಿ ಹತ್ತಿರದ ಡೊಂಬಿವಲಿಯ ಹೋಟೆಲಿನಲ್ಲಿ ಅಪ್ಪ ಅಡುಗೆಮನೆಗೆ ಕೂಗುತ್ತಿದ್ದ ಆರ್ಡರನ್ನು ಅವನು ರೆಕಾರ್ಡ್ ಮಾಡಿ, ತುಂಡರಿಸಿ ಒಂದು ಹಾಡಿಗೆ ಸೇರಿಸಿದ್ದ. “ದೋ ಇಡ್ಲಿ, ಏಕ್ ಮಸಾಲಾ!” ವಾಶಿಯಲ್ಲಿ ಅಣ್ಣನ ಕಾರ್ಯಕ್ರಮದಲ್ಲಿ ಜನ ಅದನ್ನೇ ಕೂಗುತ್ತ ಕುಣಿಯುತ್ತಿದ್ದರು.

ಅಪ್ಪ ತೀರಿಕೊಂಡಾಗ ನಮಗೆ ಉಳಿದದ್ದು ಆ ಸ್ವರವೊಂದೇ.

“ಆ ಢಬಢಬ ತೆಗಿ ಮಾರಾಯ, ಅವರ ಸ್ವರ ಮಾತ್ರ ಹಾಕು,” ಎಂದಳು ಅಮ್ಮ.

“ಅಲಗ್ ನಹೀ ಹೋತಾ, ಅಮ್ಮಾ. ಬೇರೆ ಮಾಡ್ಲಿಕ್ಕೆ ಆಗಲ್ಲ, ಒರಿಜಿನಲ್ ಡಿಲೀಟ್ ಆಗಿದೆ,” ಎಂದ ಅಣ್ಣ.

“ಹಾಗಾದ್ರೆ ಅದನ್ನೇ ಹಾಕು.”

ಅಮ್ಮ ಪೂರ್ತಿ ಕೇಳಿದಳು. ಅಪ್ಪ ನನ್ನನ್ನು ಕರೆಯುತ್ತಿದ್ದ ರೀತಿಯನ್ನು ನೆನೆಯಲು ನೋಡಿದೆ. ಅದೂ ತುಂಡುತುಂಡಾಗಿ, ತಾಳಕ್ಕೆ ಸರಿಯಾಗಿಯೇ ಕೇಳಿಸಿತು. ಅಂದಿನಿಂದ ನನ್ನ ನೆನಪನ್ನು ನಾನು ನಂಬುವುದಿಲ್ಲ.

ಅಣ್ಣ ಆ ಹಾಡನ್ನು ಅಲ್ಲಿಗೇ ಬಿಟ್ಟ ಎಂದು ಬರೆಯುವ ಆಸೆಯಾಗುತ್ತದೆ. ಅವನು ಬಿಡಲಿಲ್ಲ. ಹೋದಲ್ಲೆಲ್ಲ ಜನ ಅದನ್ನೇ ಹಾಡು ಎಂದು ಕೇಳುತ್ತಿದ್ದರು.