ತುಟಿಯ ಗುಳ್ಳೆ ಒಣಗುವವರೆಗೆ

ಮಗಳು ಹುಟ್ಟಿ ಒಂಬತ್ತು ದಿನವಾಗಿತ್ತು. ಹತ್ತಿಮತ್ತೂರಿನ ತವರುಮನೆಯ ಒಳಕೋಣೆಯಲ್ಲಿ ನನ್ನ ಬಾಣಂತನ. ಗಾಳಿ ತಾಗಬಾರದೆಂದು ಅವ್ವ ಕಿಟಕಿಗೆ ಗೋಣಿಚೀಲ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟಿದ್ದಳು. ಅಂದು ನನ್ನ ಕೆಳತುಟಿ ಚುರುಗುಟ್ಟಿ, ಸಂಜೆಗೆ ನೀರುಗುಳ್ಳೆಗಳು ಗೊಂಚಲಾಗಿ ಎದ್ದವು.

"ನಿದ್ದಿಯಾಗ ತುಟಿ ಮ್ಯಾಲೆ ಹಲ್ಲಿ ಹಾದಿರಬೇಕು," ಎಂದು ಅವ್ವ ತುಪ್ಪ ಸವರಿದಳು. ಕಾಲೇಜಿನಲ್ಲಿದ್ದಾಗಲೂ ಜ್ವರ ಬಂದಾಗೆಲ್ಲ ಹೀಗೆ ಏಳುತ್ತಿದ್ದವು. ನಾನು ಎಂದಿನಂತೆ ಕೂಸಿನ ಕೆನ್ನೆಗೆ ಮುತ್ತಿಟ್ಟೆ.

ಮರುದಿನ ಕೂಸಿನ ತೂಕ ನೋಡಲು ಬಂದ ನರ್ಸಕ್ಕ ನನ್ನ ತುಟಿ ನೋಡಿದವಳೇ, "ಇವತ್ತ ಸವಣೂರಿಗೆ ಹೋಗ್ರಿ. ಕೂಸನ್ನೂ ಕರ್ಕೊಂಡ ಹೋಗ್ರಿ," ಎಂದಳು.

ಸವಣೂರಿನ ಡಾಕ್ಟರು ಕೂಸಿನ ಮೈಯೆಲ್ಲ ತಪಾಸಣೆ ಮಾಡಿ ನನ್ನತ್ತ ತಿರುಗಿದರು. "ಇದು ಹರ್ಪಿಸ್. ಒಮ್ಮೆ ಹೊಕ್ಕಿದ್ದು ನರದಾಗ ಕುಂತಬಿಡ್ತೈತಿ, ಪೂರಾ ಹೋಗಂಗಿಲ್ಲ. ನಿಮಗ ಅಂಜಿಕಿಲ್ಲ. ಎಳೀ ಕೂಸಿಗೆ ಹತ್ತಿದ್ರ ಮಿದುಳಿಗೇ ಏರಬಹುದು. ಮಾಸ್ಕ್ ಹಾಕ್ಕೊಂಡು, ಕೈ ತೊಳ್ಕೊಂಡು ಎದಿಹಾಲು ಕುಡಸ್ರಿ. ಗುಳ್ಳಿ ಒಣಗಿ ಉದುರೂತನಕ ಮುತ್ತು ಬ್ಯಾಡ. ಹಾಲು ಬಿಟ್ರ, ಜ್ವರ ಬಂದ್ರ ಕೂಡಲೇ ಬರ್ರಿ."

ನನಗೆ ಅಸಿಕ್ಲೋವಿರ್ ಗುಳಿಗೆ ಬರೆದುಕೊಟ್ಟರು. ನಿನ್ನೆಯ ಮುತ್ತಿನ ವಿಷಯ ಹೇಳಿದೆ. "ಮೂರು ವಾರ ನೋಡೂಣು," ಎಂದರು.

ಮತ್ತೆ ಅದೇ ಕೋಣೆ. ಹೊಗೆ, ಬೆವರು, ಮೂಗಿಗೆ ಅಂಟುವ ಮಾಸ್ಕ್. ಕೂಸು ನಿದ್ದೆಯಲ್ಲಿ ತುಸು ಹೊತ್ತು ಅಲುಗಾಡದಿದ್ದರೂ ಎಬ್ಬಿಸುತ್ತಿದ್ದೆ. ಹಣೆ ಮುಟ್ಟಿ ಮುಟ್ಟಿ ಬಿಸಿ ಯಾವುದು, ಕೋಣೆಯ ಕಾವು ಯಾವುದು ತಿಳಿಯದಾಯಿತು. "ರೋಗದ ಹೆಸರು ಯಾರ ಮುಂದೂ ಹೇಳಬ್ಯಾಡ, ಮಂದಿ ಬ್ಯಾರೆ ಏನಾರ ತಿಳಕೊಂತಾರ," ಎಂದಿದ್ದಳು ಅವ್ವ.

ನಾಲ್ಕು ದಿನಕ್ಕೆ ದುಂಡಸಿಯಿಂದ ಅತ್ತೆ ಬಂದರು. ಮೊಮ್ಮಗಳನ್ನು ಎತ್ತಿ ಮುತ್ತಿಡಲು ಮುಖ ಹತ್ತಿರ ತಂದಾಗ ಅವರ ತುಟಿಯಂಚಿನಲ್ಲೂ ಹಕ್ಕಳೆಗಟ್ಟಿದ ಗುಳ್ಳೆ ಕಂಡಿತು. ನಡುವೆ ಕೈ ಅಡ್ಡ ಹಿಡಿದೆ.

"ಅತ್ತಿ, ಮುತ್ತು ಬ್ಯಾಡ್ರಿ."

"ನನ್ನ ಮೊಮ್ಮಗಳಿಗೆ ಮುತ್ತು ಕೊಡಾಕ ನಿನ್ನ ಕೇಳಬೇಕೇನು? ಐದು ಮಕ್ಕಳನ್ನ ಹಡದೇನಿ ನಾ."

ಅವ್ವ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡವೆಂದಳು. ನಾನು ಮಾಸ್ಕ್ ಕೆಳಗಿಳಿಸಿ ತುಟಿ ತೋರಿಸಿದೆ. "ನಿಮಗಿದ್ದಿದ್ದ ನನಗೂ ಐತ್ರಿ. ಇದರ ಹೆಸರು ಹರ್ಪಿಸ್. ನಾನೂ ಮುತ್ತು ಕೊಡಾಕತ್ತಿಲ್ಲ."

ಅತ್ತೆ ಕೂಸನ್ನು ನನ್ನ ಮಡಿಲಿಗೆ ಹಾಕಿ, ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೋದರು. ಹದಿನೈದು ದಿನ ಫೋನು ಮಾಡಲಿಲ್ಲ. ಆಮೇಲೆ ಮಾಡಿದಾಗ, "ನಂದೂ ತೋರ್ಸಿದೆ. ಅದ ಅಂದ್ರು," ಎಂದಷ್ಟೇ ಹೇಳಿದರು.

ಕೂಸಿಗೆ ಏನೂ ಆಗಲಿಲ್ಲ. ಹಕ್ಕಳೆ ಉದುರಿತು, ಮೂರು ವಾರವೂ ಕಳೆಯಿತು, ಡಾಕ್ಟರು ಇನ್ನು ಭಯವಿಲ್ಲ ಎಂದರು. ಆದರೂ ಕೆನ್ನೆಯ ಹತ್ತಿರ ತುಟಿ ಒಯ್ಯಲು ನನಗೆ ಧೈರ್ಯವಾಗಲಿಲ್ಲ. ಎಷ್ಟೋ ದಿನ ಅವಳ ಅಂಗಾಲನ್ನು ಹಣೆಗೆ ಒತ್ತಿಕೊಂಡು ಸುಮ್ಮನೆ ಕೂರುತ್ತಿದ್ದೆ.