ಕೊಪ್ಪರಿಗೆಯೊಳಗೆ ಅತ್ತೆಯ ನಿದ್ದೆ

ಮಗ ಮೊನ್ನೆ ಯಾವಾಗಲೋ ತಂದಿಟ್ಟ ದ್ರಾಕ್ಷಿಯ ಡಬ್ಬಿ ಪಡಸಾಲೆಯ ಮೂಲೆಯಲ್ಲಿ ಮರೆತು ಹೋಗಿತ್ತು. ಇವತ್ತು ಮಧ್ಯಾಹ್ನ ಮುಚ್ಚಳ ಎತ್ತಿದರೆ ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ ಒಂದು ವಾಸನೆ ಮೂಗಿಗೆ ಹೊಡೆಯಿತು. ಎಸೆಯಬೇಕು. ಎಸೆಯಬೇಕೆಂದರೆ ಅಂಗಳದ ತನಕ ಹೋಗಬೇಕು, ಹೋಗಲು ಮೊಣಕಾಲು ಒಪ್ಪಬೇಕು. ಅವು ಒಪ್ಪಲಿಲ್ಲ. ಮಂಚದ ಮೇಲೆ ಕೂತುಬಿಟ್ಟೆ. ಈ ವಯಸ್ಸಿನಲ್ಲಿ ನನ್ನನ್ನು ದಣಿಸುವುದು ಕೆಲಸವಲ್ಲ, ನೋಡಿ. ಕೆಲಸ ಹೇಗೋ ಆಗುತ್ತದೆ. ದಣಿಸುವುದು ಕರೆಯುವ ದನಿ. ಒಂದು ಕರೆಗೆ ಎದ್ದು ಬಂದು ಕೂರುವಷ್ಟರಲ್ಲಿ ಇನ್ನೊಂದು ಕರೆ ಬಂದಿರುತ್ತದೆ.

ಆ ವಾಸನೆ ನನ್ನನ್ನು ಮಮದಾಪುರ ಕೆರೆಯ ದಂಡೆಗೆ ಕರೆದೊಯ್ದಿತು. ಎಪ್ಪತ್ತರ ದಶಕ, ನಾನು ಜೋರಾಪುರ ಪೇಟೆಯ ಮನೆಗೆ ಸೊಸೆಯಾಗಿ ಬಂದ ಹೊಸತು. ಆಗ ನಮ್ಮಂಥವರು ಊರು ಬಿಟ್ಟು ಹೋಗುವುದೆಂದರೆ ಮದುವೆಗೆ, ದೇವರಿಗೆ, ಇಲ್ಲವೇ ಮಣ್ಣಿಗೆ. ಸುಮ್ಮನೆ ಕೆರೆಯ ದಂಡೆಯಲ್ಲಿ ಎರಡು ದಿನ ಇದ್ದು ಬರುವುದನ್ನು ಯಾರೂ ಕೇಳಿರಲಿಲ್ಲ. ಆದರೆ ನಮ್ಮ ಮಾವನಿಗೆ ಒಂದು ಹುಚ್ಚಿತ್ತು. ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಯಿದೋಣಿಯ ಚಿತ್ರ ನೋಡಿದಂದಿನಿಂದ, ಸಾಯುವುದರೊಳಗೆ ಒಮ್ಮೆ ಹಾಯಿ ಕಟ್ಟಿ ನೀರಿನ ಮೇಲೆ ಹೋಗಬೇಕೆಂದು. ಕುಡಿಯುವ ನೀರಿಗೆ ಕೊಡಗಳನ್ನು ಸಾಲಿಗಿಡುವ ಊರಿನಲ್ಲಿ ಈ ಕನಸು!

ಅದಕ್ಕೆ ಗಾಳಿ ಹಾಕಿದವರು ತಿಕೋಟಾದ ದಸ್ತಗೀರ ಕಾಕಾ, ಮಾವನ ಬಾಲ್ಯದ ಗೆಳೆಯರು. ಜೋಳದ ಹೊಲದಲ್ಲಿ ದ್ರಾಕ್ಷಿ ಬಳ್ಳಿ ಹಚ್ಚಿ ಊರವರ ನಗೆಗೀಡಾಗಿದ್ದರು. ಬಳ್ಳಿ ಮೊದಲ ಸಲ ಕೈತುಂಬ ಹಣ್ಣು ಬಿಟ್ಟಾಗ ಅವರಿಗೆ ಯಾರಿಗಾದರೂ ಉಣಿಸದೆ ಸಮಾಧಾನವಿಲ್ಲ. ಮಮದಾಪುರ ಕೆರೆಯ ದಂಡೆಗೆ ಅವರ ಬೀಗರ ತೋಟವಿತ್ತು, ತೋಟದಲ್ಲಿ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯಿತ್ತು. ಹೊಳೆ ಬಂದಾಗ ನಮ್ಮ ಕಡೆ ಅದರಲ್ಲೇ ಕೂತು ದಾಟುತ್ತಾರೆ, ಅದೇ ದೋಣಿಯಾಯಿತು ಎಂದರು. ಕುಡಿಯಲು ದ್ರಾಕ್ಷಿಯ ಶರಬತ್ತು ಮಾಡಿ, ಮಣ್ಣಿನ ಹರವಿಗೆ ಹಾಕಿ, ಬಾಯಿಗೆ ಅರಿವೆ ಕಟ್ಟಿ, ತಂಪಿರಲೆಂದು ಹಸಿ ಉಸುಕಿನಲ್ಲಿ ಹುಗಿದಿಟ್ಟರು. ಮಾವನಿಗೆ ರಜೆ ಸಿಗಲಿಲ್ಲ. ಈ ವಾರ, ಮುಂದಿನ ವಾರ ಎನ್ನುತ್ತ ಹೋದರು. ಶರಬತ್ತು ಹರವಿಯಲ್ಲೇ ಕಾಯುತ್ತ ಕೂತಿತು. ಕಾದು ಕಾದು ಅದು ಏನಾಯಿತೆಂದು ನಿಮಗೆ ಆಗಲೇ ಹೊಳೆದಿರಬೇಕು. ನಮಗೆ ಹೊಳೆಯುವಂತಿರಲಿಲ್ಲ. ಕಾಕಾನ ಮನೆಯವರು ನಮಾಜು ತಪ್ಪಿಸಿದವರಲ್ಲ, ನಮ್ಮ ಮನೆಯವರು ವಿಭೂತಿ ಇಲ್ಲದೆ ನೀರು ಮುಟ್ಟಿದವರಲ್ಲ. ಗುರುತು ಹಿಡಿಯುವ ನಾಲಿಗೆಯೇ ಎರಡೂ ಮನೆಗಳಲ್ಲಿ ಇರಲಿಲ್ಲ.

ಅತ್ತೆಗೆ ರಜೆಯೆಂದರೆ ಒಲೆಯನ್ನು ಬೇರೆ ಊರಿಗೆ ಹೊತ್ತೊಯ್ಯುವುದು, ಅಷ್ಟೇ. ಹಿಂದಿನ ದಿನವೆಲ್ಲ ಸಜ್ಜೆ ರೊಟ್ಟಿ ತಟ್ಟಿದರು, ಶೇಂಗಾ ಹಿಂಡಿ ಕುಟ್ಟಿದರು, ಎಣ್ಣೆಗಾಯಿ, ಹೋಳಿಗೆ ಮಾಡಿ ಬುತ್ತಿ ಕಟ್ಟಿದರು. ಅವರು ಎರಡು ತಾಸು ಸೇರಿಸಿ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರೆ ಸಾಕು, ಯಾರಿಗೋ ನೀರು ಬೇಕಾಗುತ್ತಿತ್ತು, ಯಾರದೋ ಟೋಪಿ ಕಳೆದಿರುತ್ತಿತ್ತು. ಒಮ್ಮೆ ಬೀಸುವಾಗ ಕಲ್ಲು ನಿಲ್ಲಿಸಿ ನನಗೆ ಹೇಳಿದ್ದರು: "ತಾನಾಗಿ ಎಚ್ಚರ ಆಗೂ ತನಾ ಒಮ್ಮೆ ಮಲಗಬೇಕು ನೋಡ ಬೇ. ಮತ್ತೇನೂ ಆಸೆ ಇಲ್ಲ ನಂಗ."

ಬಬಲೇಶ್ವರದ ತನಕ ಬಸ್ಸು, ಅಲ್ಲಿಂದ ಚಕ್ಕಡಿ. ಕೆರೆ ಕಂಡ ಕೂಡಲೇ ಮಾವ ಧೋತರ ಬಿಚ್ಚಿ ಬಿದಿರಿಗೆ ಕಟ್ಟಿದರು. ಕೊಪ್ಪರಿಗೆಗೆ ಬಾವಿಯ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ದಂಡೆಯ ಜಾಲಿ ಗಿಡಕ್ಕೆ ಸುತ್ತಿದರು. ಗಾಳಿ ಬಂತು, ಹಾಯಿ ತುಂಬಿತು. ಕೊಪ್ಪರಿಗೆ ಮುಂದೆ ಹೋಗುವ ಬದಲು ಬೀಸುವ ಕಲ್ಲಿನ ಹಾಗೆ ಗರಗರ ತಿರುಗಿತು. ಚಡ್ಡಿಯಲ್ಲಿ ಕೂತಿದ್ದ ಮಾವ ಎರಡೂ ಕೈಯಿಂದ ಅಂಚು ಹಿಡಿದು, ಕಣ್ಣು ಮುಚ್ಚಿ, ಜೀವಮಾನದ ಆಸೆ ತೀರಿಸಿಕೊಂಡರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನನ್ನ ಗಂಡ ಹಗ್ಗ ಎಳೆದು ಅವರನ್ನು ದಂಡೆಗೆ ತಂದರು.

ಆಮೇಲೆ ಶರಬತ್ತು ಬಂತು. ಗಂಟಲಿನಲ್ಲಿ ಸ್ವಲ್ಪ ಕಚ್ಚುತ್ತಿತ್ತು. ಅಪ್ಪಟ ಹಣ್ಣಿನ ರಸ ಹಾಗೆಯೇ ಇರುವುದೆಂದು ಮಾವ ತಿಳಿದವರಂತೆ ಹೇಳಿದರು, ಎಲ್ಲರೂ ಒಪ್ಪಿದರು. ಅತ್ತೆ ಲೋಟವನ್ನು ಮೂಗಿನ ಹತ್ತಿರ ತಂದು ಒಂದು ಗಳಿಗೆ ತಡೆದರು. ನಂತರ ಒಂದೇ ಗುಟುಕಿಗೆ ಕುಡಿದು ಲೋಟ ಮುಂದೆ ಚಾಚಿದರು. ಯಾವುದನ್ನೂ ಎರಡನೇ ಸಲ ಕೇಳದ ಹೆಂಗಸು. ಕಾಕಾ ಖುಷಿಯಿಂದ ತುಂಬಿಸಿದರು. ಅದನ್ನೂ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ಕರೆದು ಕೌದಿಯೊಂದನ್ನು ಕೊಪ್ಪರಿಗೆಗೆ ಹಾಸಿಸಿ ಹತ್ತಿ ಕೂತರು. ಹಾಯಿ ಬೇಡವೆಂದರು.

ನಾನೂ ಜೊತೆಗೆ ಹತ್ತಿದೆ. ನನ್ನ ಗಂಡ ನೂಕಿದರು, ಹಗ್ಗದಳತೆಗೆ ಹೋಗಿ ನಿಂತೆವು. ಹಾಯಿಯಿಲ್ಲದ ಕೊಪ್ಪರಿಗೆ ತೊಟ್ಟಿಲಷ್ಟೇ ಅಲುಗುತ್ತಿತ್ತು. ಅಷ್ಟೊಂದು ನೀರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇ ಮೊದಲು. ಅತ್ತೆ ಮಲಗಿದರು. ಮುಖಕ್ಕೆ ಬಿಸಿಲು ಬೀಳದಂತೆ ನನ್ನ ಸೆರಗು ಅಡ್ಡ ಹಿಡಿದೆ. ಸ್ವಲ್ಪ ಹೊತ್ತಿಗೆ ದಂಡೆಯಿಂದ ಮಾವನ ದನಿ ಬಂತು. ಹಸಿವೆಯಾಗಿದೆ, ಬಂದು ನೀಡಬೇಕಂತೆ. ಬುತ್ತಿ ಅವರ ಮುಂದೆಯೇ ಇತ್ತು, ಗಂಟು ಬಿಚ್ಚುವುದಷ್ಟೇ ಬಾಕಿ. ಆದರೂ ಕರೆದರು. ಎರಡನೇ ಸಲ ಕರೆದಾಗ ನಾನು ಅತ್ತೆಯ ಭುಜಕ್ಕೆ ಕೈ ಚಾಚಿದೆ.

"ಎಬ್ಬಸಬ್ಯಾಡ ಬೇ," ಎಂದರು ಕಣ್ಣು ತೆರೆಯದೆಯೇ. "ಆ ಶರಬತ್ತಿನ ವಾಸನಿ ನಂಗ ಗೊತ್ತೈತಿ. ನಮ್ಮಪ್ಪ ಸಿಂದಿ ಕುಡದ ಬಂದ್ರ ಇಂಥಾದ ವಾಸನಿ ಬರ್ತಿತ್ತು. ಅವ ಮಲಗಿದ್ರ ಮನ್ಯಾಗ ಯಾರೂ ದನಿ ತಗೀತಿರಲಿಲ್ಲ. ನಮ್ಮವ್ವಗ ಜ್ವರ ಬಂದ್ರೂ ಎಬ್ಬಸ್ತಿದ್ರು. ಕುಡದವ್ರನ್ನ ಅಷ್ಟ ನೋಡ, ಯಾರೂ ಎಬ್ಬಸಂಗಿಲ್ಲ."

ಇಷ್ಟು ಹೇಳಿ ಮಗ್ಗುಲಾದರು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಷ್ಟರಲ್ಲಿ ಕೊಪ್ಪರಿಗೆ ದಂಡೆಯ ಕಡೆ ಸರಿಯತೊಡಗಿತು. ಮಾವ ಹಗ್ಗ ಎಳೆಯುತ್ತಿದ್ದರು. ಮಾವನ ಎದುರು ಆವರೆಗೆ ನನ್ನ ದನಿ ಹೊರಬಿದ್ದಿರಲಿಲ್ಲ. ನನ್ನ ಹೊಟ್ಟೆಯಲ್ಲೂ ಒಂದು ಲೋಟ ಇತ್ತಲ್ಲ, ಅದು ಮಾತಾಡಿತೋ ಏನೋ.

"ಎಳೀಬ್ಯಾಡ್ರಿ," ಎಂದು ಕೂಗಿದೆ. "ಅತ್ತಿಯವ್ರು ಮಲಗ್ಯಾರ. ಬುತ್ತಿ ಅಲ್ಲೇ ಐತ್ರಿ, ನೀವ ನೀಡಿಕೊಳ್ರಿ."

ಹಗ್ಗ ಸಡಿಲಾಯಿತು. ಮೂವರು ಗಂಡಸರು ಬುತ್ತಿ ಬಿಚ್ಚಿ, ರಾತ್ರಿಗೆಂದು ಇಟ್ಟ ಹೋಳಿಗೆಯನ್ನು ಎಣ್ಣೆಗಾಯಿಗೆ ಹಚ್ಚಿಕೊಂಡು ಉಂಡರು. ಉಂಡರು, ಯಾರೂ ಸಾಯಲಿಲ್ಲ. ಅತ್ತೆ ಬಿಸಿಲು ಇಳಿದ ಮೇಲೆ ತಾವಾಗಿ ಎದ್ದರು. ಎದ್ದು, ಯಾರ ಮನೆಯಲ್ಲಿದ್ದೇನೆಂದು ತಿಳಿಯದವರ ಹಾಗೆ ಬಹಳ ಹೊತ್ತು ಆಕಾಶ ನೋಡುತ್ತ ಕೂತರು.

ಸಂಜೆ ಬಲೆ ಬಿಡಲು ಬಂದ ಮೀನುಗಾರನಿಗೆ ಕಾಕಾ ಅಕ್ಕರೆಯಿಂದ ಶರಬತ್ತು ಕೊಟ್ಟರು. ಅವನು ಕುಡಿದು, ಬಿದ್ದು ಬಿದ್ದು ನಕ್ಕು, ಸಾಹುಕಾರರು ಇಂಥ ಸರಕನ್ನು ಎಲ್ಲಿಂದ ತರಿಸುತ್ತಾರೆಂದು ಕೇಳಿದ. ಕಾಕಾನ ಮುಖ ಬಿಳಿಚಿತು. ತೋಬಾ ತೋಬಾ ಎನ್ನುತ್ತ ಹರವಿಯನ್ನು ಅಲ್ಲೇ ಬೋರಲು ಹಾಕಿದರು. ಮಾವ ಕೆರೆಗಿಳಿದು ಮುಳುಗು ಹಾಕಿ ಮತ್ತೆ ವಿಭೂತಿ ಹಚ್ಚಿಕೊಂಡರು. ಕಾಕಾ ಅತ್ತೆಯ ಮುಂದೆ ತಲೆ ಎತ್ತಲಾರದೆ ನಿಂತು, ವೈನಿಯವರ ಧರ್ಮ ಕೆಡಿಸಿದೆನೆಂದು ಕಣ್ಣೀರು ತೆಗೆದರು.

"ಇರ್ಲಿ ಬಿಡ್ರಿ ಅಣ್ಣಾರ," ಎಂದರು ಅತ್ತೆ, ಗಂಭೀರವಾಗಿ. "ನಮಗೇನ್ ಗೊತ್ತಿತ್ತು."

ನನ್ನ ಕಡೆ ನೋಡಲಿಲ್ಲ. ಮರುದಿನ ಜೋರಾಪುರ ಪೇಟೆಗೆ ಮರಳಿದೆವು, ಕರೆಗಳು ಮೊದಲಿನಂತೆ ಶುರುವಾದವು. ಅತ್ತೆ ಇನ್ನೂ ಬಹಳ ವರ್ಷ ಬದುಕಿದ್ದರು, ಅಂಥ ನಿದ್ದೆ ಮತ್ತೆ ಸಿಗಲಿಲ್ಲ. ಕೊನೆಯ ಬೇನೆಯಲ್ಲೂ ಔಷಧಕ್ಕೆಂದು ಎಬ್ಬಿಸುತ್ತಿದ್ದೆವು. ಆಮೇಲೆ ಆ ಮನೆಯ ಕರೆಗಳೆಲ್ಲ ನನ್ನ ಪಾಲಿಗೆ ಬಂದವು.

ಇದನ್ನೆಲ್ಲ ನೆನೆಯುತ್ತ ಯಾವಾಗ ಮಂಚದ ಮೇಲೆ ಒರಗಿದೆನೋ. ಹೊರಗಿನಿಂದ ಬಂದ ಮಗ ಬಾಗಿಲಲ್ಲೇ, "ಅವ್ವಾ, ಚಾ ಮಾಡ್ತೀಯೇನ?" ಎಂದ. ಎಚ್ಚರವಾಗಿಯೇ ಇದ್ದೆ, ಕಣ್ಣು ಮುಚ್ಚಿಕೊಂಡೆ. ಅವನು ಹತ್ತಿರ ಬಂದು ನಿಂತ, ಸ್ವಲ್ಪ ಹೊತ್ತು ಕಾದ, ಅಡುಗೆಮನೆಗೆ ಹೋದ. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಹಾಕುವ ಸಪ್ಪಳ ಕೇಳತೊಡಗಿತು. ಸಕ್ಕರೆ ಮೇಲಿನ ಸಾಲಿನಲ್ಲಿ, ತೊಗರಿಬೇಳೆಯ ಹಿಂದೆ ಇದೆ. ನಾನು ಏನೂ ಕುಡಿದಿರಲಿಲ್ಲ. ಆದರೂ ಹೇಳಲಿಲ್ಲ.